ಮೈಕ್ರೋವೇವ್ ಒಲೆ: ದೋಷ ಮತ್ತು ದುರಸ್ತಿ
ಮೈಕ್ರೋವೇವ್ ಒಲೆಯ ಬಹಳಷ್ಟು ದೋಷಗಳು ಸಣ್ಣವು. ಆದರೂ ಅದರ ಹೊರಕವಚ ಬಿಚ್ಚುವುದು ಪಳಗಿದ ಕೈಯ ಕೆಲಸವೇ. ಸಾಮಾನ್ಯ ಮಾದರಿಗಳಲ್ಲಿ ಟ್ರಾನ್ಸ್‌ಫಾರ್ಮರ್ ಮನೆಯ 230 ವೋಲ್ಟನ್ನು ಸುಮಾರು 2,000ಕ್ಕೆ ಏರಿಸುತ್ತದೆ; ಕೆಪಾಸಿಟರ್ ಮತ್ತು ಡಯೋಡ್ ಸೇರಿ ಅದನ್ನು 4,000ದ ಆಸುಪಾಸಿಗೆ ಒಯ್ಯುತ್ತವೆ. ಆ ಬಲದಿಂದ ಮ್ಯಾಗ್ನೆಟ್ರಾನ್ 2,450 ಮೆಗಾಹರ್ಟ್ಸ್ ತರಂಗಗಳನ್ನು ಹೊಮ್ಮಿಸುತ್ತದೆ. ಒಲೆ ಪೂರ್ತಿ ಸತ್ತಂತಿದ್ದರೆ ಫ್ಯೂಸ್, ಉಷ್ಣರಕ್ಷಕ, ಬಾಗಿಲಿನ ಸ್ವಿಚ್ಚುಗಳನ್ನು ಶಂಕಿಸಬೇಕು. ದೀಪ ಉರಿದು ತಟ್ಟೆ ತಿರುಗಿಯೂ ಅನ್ನ ಬಿಸಿಯಾಗದಿದ್ದರೆ ದೋಷ ಹೆಚ್ಚಾಗಿ ಅಧಿಕ ವೋಲ್ಟೇಜಿನ ಭಾಗದಲ್ಲಿರುತ್ತದೆ. ಒಳಗೆ ಕಿಡಿ ಹಾರಿದರೆ ಮೊದಲು ಜಿಡ್ಡು ಹಿಡಿದು ಸುಟ್ಟ ಮೈಕಾ ಹಾಳೆ ನೋಡಬೇಕು. ಅದು ಅಗ್ಗದ ವಸ್ತು.

ತುಂಗಭದ್ರೆಯ ದಡದಲ್ಲಿ, ಹರಿಹರದ ಎದುರಿಗಿರುವ ಕುಮಾರಪಟ್ಟಣ ಕಾರ್ಖಾನೆಯ ಊರು. ಅಲ್ಲಿ ಮೂರು ಫೇಸಿನ 415 ವೋಲ್ಟಿನ ಮೋಟಾರುಗಳೊಂದಿಗೆ ದಿನವೂ ಕೆಲಸ ಮಾಡುವವರಿಗೆ ಅಡುಗೆಮನೆಯ ಪೆಟ್ಟಿಗೆ ಯಾವ ಲೆಕ್ಕ ಎನಿಸಬಹುದು. ಆದರೆ ಮೋಟಾರಿಗೆ ವಿದ್ಯುತ್ ಕಡಿದರೆ ಮುಖ್ಯ ಅಪಾಯ ಅಲ್ಲಿಗೆ ನಿಲ್ಲುತ್ತದೆ. ಒಲೆಯ ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಜೀವ ತೆಗೆಯುವಷ್ಟು ಚಾರ್ಜ್ ಉಳಿದಿರಬಹುದು. ಅದನ್ನು ಖಾಲಿ ಮಾಡಲು ಒಳಗೇ ರೆಸಿಸ್ಟರ್ ಇದೆಯಲ್ಲ ಎಂಬ ವಾದ ಅರ್ಧ ಮಾತ್ರ ಸರಿ. ರೆಸಿಸ್ಟರ್ ಕಡಿದುಹೋಗಿದ್ದರೆ ಹೊರಗಿನಿಂದ ಯಾವ ಸುಳಿವೂ ಸಿಗದು. ಬಾಗಿಲಿನ ಸ್ವಿಚ್ಚನ್ನು ತಂತಿಯಿಂದ ಜೋಡಿಸಿ ಒಲೆ ಓಡಿಸುವುದಂತೂ ಸಲ್ಲದು: ಬಾಗಿಲು ತೆರೆದಾಗ ತರಂಗ ನಿಲ್ಲಿಸುವುದೇ ಆ ಸ್ವಿಚ್ಚು. ಪ್ಲಗ್, ಸಾಕೆಟ್, ಮೈಕಾ ಹಾಳೆಯಷ್ಟನ್ನು ಮನೆಯವರು ನೋಡಿಕೊಳ್ಳಲಿ. ಕವಚದೊಳಗಿನದನ್ನು ತರಬೇತಿ ಪಡೆದ ತಂತ್ರಜ್ಞರಿಗೇ ಬಿಡಿ.