ಒಂದನೆಯ ಹೆನ್ರಿಯ ಸನ್ನದು ಮತ್ತು ವೆಂಡೋವರನ ಕಥನ: ಒಂದು ಪುನರ್ವಿಮರ್ಶೆ

ಮ್ಯಾಗ್ನಾ ಕಾರ್ಟಾದ ಉತ್ಪತ್ತಿಯನ್ನು ವಿವರಿಸುವ ಅನೇಕ ಇತಿಹಾಸಗ್ರಂಥಗಳಲ್ಲಿ ಒಂದು ಪ್ರಸಂಗವು ತಪ್ಪದೆ ಬರುತ್ತದೆ: 1213ನೆಯ ಆಗಸ್ಟ್ 25ರಂದು ಲಂಡನ್ನಿನ ಸಂತ ಪಾಲನ ದೇವಾಲಯದಲ್ಲಿ ಆರ್ಚ್‌ಬಿಷಪ್ ಸ್ಟೀಫನ್ ಲ್ಯಾಂಗ್ಟನ್ ಕೆಲವು ಸಾಮಂತರನ್ನು ಏಕಾಂತಕ್ಕೆ ಕರೆದು, ಶತಮಾನಕ್ಕೂ ಮಿಗಿಲಾಗಿ ವಿಸ್ಮೃತವಾಗಿದ್ದ ಒಂದನೆಯ ಹೆನ್ರಿಯ ಸನ್ನದನ್ನು ಅವರೆದುರು ಓದಿಸಿದನೆಂದೂ, ಅದನ್ನು ಕೇಳಿ ಹರ್ಷಗೊಂಡ ಅವರು ಆ ಸ್ವಾತಂತ್ರ್ಯಗಳಿಗಾಗಿ ಪ್ರಾಣವನ್ನಾದರೂ ಕೊಡುವೆವೆಂದು ಶಪಥಮಾಡಿದರೆಂದೂ. ಈ ಪ್ರಸಂಗಕ್ಕೆ ಆಧಾರವಾದವನು ಸೇಂಟ್ ಆಲ್ಬನ್ಸ್ ಮಠದ ಸಂನ್ಯಾಸಿ ರೋಜರ್ ವೆಂಡೋವರ್. ಅವನು ಬರೆದದ್ದು ಘಟನೆಗಳು ನಡೆದು ವರ್ಷಗಳು ಕಳೆದಮೇಲೆ. ಅಲ್ಲದೆ, ಜನರಾಡಿಕೊಳ್ಳುವಂತೆ ತಾನು ಹೇಳುತ್ತಿರುವೆನೆಂದು ಆ ಸ್ಥಳದಲ್ಲಿಯೇ ಅವನು ಸೂಚಿಸಿದ್ದಾನೆ. ಮೂಲಲೇಖಕನೇ ಕಿಂವದಂತಿಯೆಂದು ಒಪ್ಪಿಕೊಂಡದ್ದನ್ನು ಅವನ ಅನುಯಾಯಿಗಳು ಸಿದ್ಧಸಂಗತಿಯೆಂದು ಸ್ಥಾಪಿಸಹೊರಟದ್ದು ಸಂಶೋಧನೆಗೆ ಶೋಭೆ ತರುವಂಥದಲ್ಲ.

ಸನ್ನದು ಮರೆತುಹೋಗಿತ್ತೆಂಬ ಮಾತನ್ನು ಮೊದಲು ಪರೀಕ್ಷಿಸೋಣ. 1100ನೆಯ ಆಗಸ್ಟ್ 2ರಂದು ಎರಡನೆಯ ವಿಲಿಯಂ ಬೇಟೆಯಲ್ಲಿ ಮಡಿದ. ಮೂರು ದಿನಗಳಲ್ಲಿ ಪಟ್ಟಾಭಿಷಿಕ್ತನಾದ ಹೆನ್ರಿ ಅಂದೇ ಹೊರಡಿಸಿದ ಆ ಪತ್ರವು ಕೌಂಟಿ ಕೌಂಟಿಗೂ ಹೋಯಿತು. ವುಸ್ಟರ್‌ಶೈರಿನ ಬಿಷಪ್ ಸ್ಯಾಮ್ಸನ್ನನನ್ನೂ ಉರ್ಸ್ ಡಾಬೆಟೋನನ್ನೂ ಸಂಬೋಧಿಸಿದ ಪ್ರತಿ ಉಳಿದುಬಂದಿದೆ; ರೋಚೆಸ್ಟರ್ ಮಠದ ಹನ್ನೆರಡನೆಯ ಶತಮಾನದ ಗ್ರಂಥದಲ್ಲಿ ಅದರ ಪಾಠವಿದೆ; ಹೆನ್ರಿಯ ಕಾನೂನುಗಳೆಂದು ಪ್ರಸಿದ್ಧವಾದ ಧರ್ಮಸಂಗ್ರಹವು ಆ ಪಾಠದಿಂದಲೇ ಆರಂಭವಾಗುತ್ತದೆ. 1154ರಲ್ಲಿ ಎರಡನೆಯ ಹೆನ್ರಿ ತನ್ನ ಸನ್ನದಿನಲ್ಲಿ ತಾತನ ಪತ್ರವನ್ನು ಸ್ಪಷ್ಟವಾಗಿ ಸ್ಮರಿಸಿದ್ದಾನೆ. ಇವೆಲ್ಲಕ್ಕಿಂತಲೂ ಬಲವತ್ತರವಾದ ಪ್ರಮಾಣವು ವೆಂಡೋವರನಲ್ಲಿಯೇ ದೊರೆಯುತ್ತದೆ. ಅವನು ಉದ್ಧರಿಸಿದ ಪಾಠವು ಹ್ಯೂ ಬಕ್‌ಲಂಡನನ್ನು ಸಂಬೋಧಿಸಿದ್ದು. ಈ ಹ್ಯೂ ಹಲವು ಕೌಂಟಿಗಳ ಶೆರಿಫನಾಗಿದ್ದವನು, ಹರ್ಟ್‌ಫರ್ಡ್‌ಶೈರ್ ಅವುಗಳಲ್ಲೊಂದು, ಸೇಂಟ್ ಆಲ್ಬನ್ಸ್ ಇರುವುದೂ ಅಲ್ಲಿಯೇ. ಎಂದಮೇಲೆ ಲ್ಯಾಂಗ್ಟನ್ನನು ಹುಡುಕಿ ತೆಗೆದನೆನ್ನಲಾದ ಪತ್ರದ ಪಾಠವನ್ನು ವೆಂಡೋವರ್ ಪಡೆದದ್ದು ತನ್ನ ನೆರೆಯ ಪ್ರತಿಯಿಂದಲೇ ಎಂದು ನಾನು ನಿಸ್ಸಂಶಯವಾಗಿ ಭಾವಿಸುತ್ತೇನೆ. ಕೌಂಟಿಗೊಂದರಂತೆ ಪ್ರತಿಗಳನ್ನು ಮಾಡಿಸಿ ಮಠಗಳಲ್ಲಿ ಇರಿಸಲಾಯಿತೆಂದು ಹೇಳಿದವರೂ ಆ ಮಠದ ಚರಿತ್ರಕಾರರೇ. ಇಷ್ಟು ಸ್ಥಳಗಳಲ್ಲಿದ್ದ ಲೇಖವನ್ನು ‘ಕಂಡುಹಿಡಿಯುವ’ ಅವಶ್ಯಕತೆ ಯಾರಿಗಿತ್ತು?

ಹಾಗೆಂದು, ವೆಂಡೋವರನನ್ನು ತಿರಸ್ಕರಿಸಿದ ಉತ್ಸಾಹದಲ್ಲಿ ಆ ಸನ್ನದಿಗೆ ಜಾನ್ ದೊರೆಗೂ ಸಾಮಂತರಿಗೂ ನಡೆದ 1215ರ ಕಲಹದಲ್ಲಿ ಪಾತ್ರವೇ ಇರಲಿಲ್ಲವೆನ್ನುವವರ ಪಕ್ಷವನ್ನೂ ನಾನು ಒಪ್ಪಲಾರೆ. ಕಾಗ್‌ಷಲ್ ಮಠದ ರಾಲ್ಫನೂ, ಬಾರ್ನ್‌ವೆಲ್ಲಿನದೆಂದು ವ್ಯವಹರಿಸಲ್ಪಡುವ ವೃತ್ತಾಂತದ ಕರ್ತೃವೂ ಸಾಮಂತರು ಅದನ್ನು ಮುಂದಿಟ್ಟು ಬೇಡಿಕೆ ಸಲ್ಲಿಸಿದರೆಂದು ಬರೆದಿದ್ದಾರೆ. ಆದರೆ ಕಥನಗಳಿಗಿಂತ ಪ್ರಬಲವಾದ ಸಾಕ್ಷ್ಯವೊಂದು ಪ್ಯಾರಿಸಿನ ರಾಜಪತ್ರಾಗಾರದಲ್ಲಿದೆ. 1863ರಲ್ಲಿಯೇ ಟ್ಯೂಲೆ ಅದನ್ನು ಅಚ್ಚುಮಾಡಿದ್ದರೂ, ಮೂವತ್ತು ವರ್ಷಗಳ ತರುವಾಯ, 1893ರಲ್ಲಿ, ಜೆ. ಎಚ್. ರೌಂಡನು ಎತ್ತಿ ತೋರಿಸುವವರೆಗೆ ಇಂಗ್ಲೆಂಡಿನ ವಿದ್ವಾಂಸರು ಅದರತ್ತ ಕಣ್ಣೆತ್ತಲಿಲ್ಲ. ರೌಂಡನ ವಾದಕಾರ್ಕಶ್ಯವನ್ನು ದೂಷಿಸುವವರು ಈ ಒಂದು ಉಪಕಾರವನ್ನಾದರೂ ನೆನೆಯಬೇಕು.

ಆ ಚರ್ಮಪತ್ರದಲ್ಲಿ ಮೊದಲು ಹೆನ್ರಿಯ ಸನ್ನದಿನ ಪ್ರತಿ. ಅದರ ಕೆಳಗೆ, ಇದರ ಬಲದಿಂದ ಸಾಮಂತರು ತಮ್ಮ ಸ್ವಾತಂತ್ರ್ಯಗಳನ್ನು ಅರಸುತ್ತಿದ್ದಾರೆ, ಮುಂದಿನವನ್ನು ಜಾನ್ ದೊರೆ ಅನುಗ್ರಹಿಸುತ್ತಾನೆ, ಎಂಬರ್ಥದ ಟಿಪ್ಪಣಿ. ಬಳಿಕ 12 ವಿಧಿಗಳು. ಮೊದಲನೆಯ ವಿಧಿಯಲ್ಲಿ ದೊರೆ ಪ್ರಥಮಪುರುಷದಲ್ಲಿ ಬರುತ್ತಾನೆ: ತೀರ್ಪಿಲ್ಲದೆ ಯಾರನ್ನೂ ಬಂಧಿಸನು, ನ್ಯಾಯಕ್ಕಾಗಿ ಏನನ್ನೂ ಸ್ವೀಕರಿಸನು. ಮುಂದಿನದರಲ್ಲಿ ಅವನೇ ಉತ್ತಮಪುರುಷದಲ್ಲಿ ಮಾತನಾಡತೊಡಗುತ್ತಾನೆ. ಈ ವಿಷಮತೆಯನ್ನು ಕಂಡು ಕೆಲವರು ಪತ್ರವನ್ನೇ ಅವಿಶ್ವಸನೀಯವೆಂದರು. ನನಗಾದರೋ ಅದರ ಬೆಲೆಯೆಲ್ಲ ಆ ವಿಷಮತೆಯಲ್ಲಿಯೇ ಇದೆ. ಮುದ್ರೆಯೊತ್ತಿ ಹೊರಡಿಸಿದ ರಾಜಶಾಸನದಲ್ಲಿ ಇಂಥ ಒರಟುತನವಿರದು. ಸಂಧಾನವು ನಡೆಯುತ್ತಿರುವಾಗ ಯಾರೋ ಒಬ್ಬನು ಬರೆದುಕೊಂಡದ್ದರಲ್ಲಿ ಅದು ಇದ್ದೇ ತೀರುತ್ತದೆ.

ಕಾಲನಿರ್ಣಯದಲ್ಲಿ ಮಾತ್ರ ನಾನು ರೌಂಡನನ್ನು ಬಿಡಬೇಕಾಗಿದೆ. ಅವನು 1213ನ್ನು ಸೂಚಿಸಿದ. ಇಂಗ್ಲೆಂಡಿನ ಹೊರಗೆ ನಾರ್ಮಂಡಿ, ಬ್ರಿಟನಿಗಳಿಗಲ್ಲದೆ ಸೈನ್ಯಸೇವೆಗೆ ಹೋಗಬೇಕಾಗಿಲ್ಲವೆಂದು ವಿಧಿಯೊಂದು ಸಾರುತ್ತದೆ. ಮತ್ತೊಂದು ಸೇವೆಗೆ ಬದಲಾಗಿ ಕೊಡುವ ಸ್ಕೂಟೇಜ್ ಕರವನ್ನು ನೈಟನ ಜಹಗೀರಿಗೆ ಒಂದು ಮಾರ್ಕಿಗೆ ಸೀಮಿತಗೊಳಿಸುತ್ತದೆ. ಜಾನ್ ಪ್ವಾತೂವಿಗೆ ದಂಡೆತ್ತಿಹೋದದ್ದು 1214ರಲ್ಲಿ, ಅದಕ್ಕಾಗಿ ಮೂರು ಮಾರ್ಕುಗಳನ್ನು ವಿಧಿಸಿದ್ದೂ ಅದೇ ವರ್ಷ. ಬೂವೀನ್ ಕದನದಲ್ಲಿ ಅವನ ಮಿತ್ರಪಕ್ಷ ಭಗ್ನವಾದ ಬಳಿಕ ಆ ಕರವನ್ನು ತೆರಲೊಪ್ಪದವರ ದನಿ ಈ ಎರಡು ವಿಧಿಗಳಲ್ಲಿ ಕೇಳುತ್ತದೆ. ಮ್ಯಾಗ್ನಾ ಕಾರ್ಟಾ ಹೊರಟ ರನ್ನಿಮೀಡಿನ ಸಭೆಗೆ ಪೂರ್ವದ 1215ರ ತಿಂಗಳುಗಳೇ ಇದಕ್ಕೆ ಯುಕ್ತವಾದ ಕಾಲ. ಉತ್ತರದ ಸಾಮಂತರು 1213ರಲ್ಲಿಯೇ ಸಮುದ್ರಾಚೆಯ ಸೇವೆಯನ್ನು ನಿರಾಕರಿಸಿದ್ದರೆಂಬ ಆಕ್ಷೇಪವನ್ನು ನಾನು ಬಲ್ಲೆ. ಆದರೆ ಒಂದು ಮಾರ್ಕಿನ ಮಿತಿಗೆ ಅದು ಸಮಾಧಾನ ಹೇಳುವುದಿಲ್ಲ.

ಸಾಮಂತರು ಹಳೆಯ ಸನ್ನದನ್ನು ಕುರುಡಾಗಿ ಪುನರುಚ್ಚರಿಸಿದರೆಂಬ ಆರೋಪಕ್ಕೂ ಈ ಪತ್ರದಲ್ಲಿಯೇ ಉತ್ತರವಿದೆ. ನ್ಯಾಯಬದ್ಧ ರಿಲೀಫ್ ಎಂಬ ಉತ್ತರಾಧಿಕಾರ ಶುಲ್ಕವನ್ನೇನೋ ಅವರು ಹೆನ್ರಿಯ ಮಾತಿನ ಮೇಲೆಯೇ ಕೇಳಿದರು. 1205ರಲ್ಲಿ ನಿಕೊಲಸ್ ಸ್ಟಟ್‌ವಿಲನ ಮೇಲೆ 10,000 ಮಾರ್ಕುಗಳನ್ನು ಹೇರಿದ್ದ ದೊರೆಯಿಂದ ಅದನ್ನು ಕೇಳದೆ ಗತ್ಯಂತರವಿರಲಿಲ್ಲ. ಆದರೆ ಅರಣ್ಯಗಳ ವಿಷಯ ಬೇರೆ. ತಂದೆಯು ಇಟ್ಟುಕೊಂಡಿದ್ದಂತೆ ಅರಣ್ಯಗಳನ್ನು ತಾನೂ ಉಳಿಸಿಕೊಳ್ಳುವೆನೆಂದು ಹೆನ್ರಿ 1100ರಲ್ಲಿ ಖಚಿತವಾಗಿ ಹೇಳಿದ್ದ. ಪ್ಯಾರಿಸಿನ ಪತ್ರವಾದರೋ ಜಾನನ ತಂದೆಯೂ ಅಣ್ಣನೂ ಜಾನನೂ ಅರಣ್ಯವೆಂದು ಘೋಷಿಸಿದ್ದನ್ನೆಲ್ಲ ಬಿಡಿಸಬೇಕೆನ್ನುತ್ತದೆ. ಹೆನ್ರಿಯ ಹೆಸರಿನಲ್ಲಿ ಹೆನ್ರಿ ಕೊಡದಿದ್ದುದನ್ನು ಕೇಳಿದವರು ಬರಿಯ ನಕಲುಗಾರರಲ್ಲ. ಪಟ್ಟಾಭಿಷೇಕದಂದು ದೊರೆಯು ತಾನಾಗಿ ಕೃಪೆಮಾಡಿದ್ದನ್ನು ಅವರು ಪ್ರಜೆಗಳು ಸಾಧಿಸಿ ಪಡೆಯತಕ್ಕ ಹಕ್ಕನ್ನಾಗಿ ಮಾರ್ಪಡಿಸುತ್ತಿದ್ದರು. ಕೇಳಿದ್ದೆಲ್ಲ ಅವರಿಗೆ ಒಡನೆಯೇ ದೊರೆಯಲಿಲ್ಲ. ಮ್ಯಾಗ್ನಾ ಕಾರ್ಟಾದ 47ನೆಯ ವಿಧಿ ಬಿಡಿಸಿದ್ದು ಜಾನನ ಕಾಲದ ಅರಣ್ಯಗಳನ್ನು ಮಾತ್ರ; ತಂದೆ ಅಣ್ಣಂದಿರ ಕಾಲದವನ್ನು 53ನೆಯದು, ದೊರೆಯು ಕ್ರೂಸೇಡಿನ ದೀಕ್ಷೆ ತೊಟ್ಟಿದ್ದಾನೆಂಬ ಕಾರಣದಿಂದ, ಮುಂದೂಡಿತು. ಅವುಗಳ ಬಿಡುಗಡೆಗೆ ರಾಜಶಾಸನದ ಅಂಗೀಕಾರ ಬಂದದ್ದು ಜಾನ್ ಸತ್ತ ಮೇಲೆ, ಬಾಲಕನಾದ ಮೂರನೆಯ ಹೆನ್ರಿಯ ಹೆಸರಿನಲ್ಲಿ ಹೊರಟ 1217ರ ಅರಣ್ಯ ಸನ್ನದಿನಲ್ಲಿ.