ಎಲ್ಲರೂ ಸೇರಿ ಕಟ್ಟಿದ್ದು ಯಾರ ಸೊತ್ತು?

ಜಾಲತಾಣವೊಂದನ್ನು ಕಟ್ಟುವುದು 1990ರ ದಶಕದಲ್ಲಿ ಪರಿಣತರ ಕೆಲಸವಾಗಿತ್ತು. ಪ್ರತಿಯೊಂದು ಪುಟವನ್ನೂ ಎಚ್‌ಟಿಎಂಎಲ್‌ನಲ್ಲಿ ಕೈಯಿಂದಲೇ ಬರೆಯಬೇಕಿತ್ತು. ಎರಡು ಸಾಲಿನ ಪ್ರಕಟಣೆ ಸೇರಿಸಬೇಕಾದರೂ ಸಣ್ಣ ಸಂಸ್ಥೆಗಳು ತಂತ್ರಜ್ಞರ ಬಾಗಿಲು ತಟ್ಟಬೇಕಾಗುತ್ತಿತ್ತು. ಈ ಪರಾವಲಂಬನೆಯಿಂದ ಬಿಡುಗಡೆ ನೀಡಿದ್ದು ವಿಷಯ ನಿರ್ವಹಣಾ ತಂತ್ರಾಂಶಗಳು. ಇವುಗಳಲ್ಲಿ ಬರಹಗಳೆಲ್ಲ ಡಾಟಾಬೇಸ್‌ನಲ್ಲಿರುತ್ತವೆ, ಪುಟದ ವಿನ್ಯಾಸ ಪ್ರತ್ಯೇಕವಾಗಿರುತ್ತದೆ. ಓದುಗರು ಪುಟ ತೆರೆದಾಗ ತಂತ್ರಾಂಶವು ಎರಡನ್ನೂ ಜೋಡಿಸಿ ಮುಂದಿಡುತ್ತದೆ. ಹೀಗಾಗಿ ಟೈಪ್ ಮಾಡಲು ಬಲ್ಲ ಯಾರು ಬೇಕಾದರೂ ಜಾಲತಾಣವನ್ನು ನಡೆಸಬಹುದಾಯಿತು.

ಇಂತಹ ತಂತ್ರಾಂಶಗಳಲ್ಲಿ ಮ್ಯಾಂಬೊ ಒಂದು. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ಮಿರೊ ಎಂಬ ಕಂಪೆನಿ 2000ದಲ್ಲಿ ಇದರ ರಚನೆಯನ್ನು ಆರಂಭಿಸಿತು. 2001ರಲ್ಲಿ ಇದನ್ನು ಜಿಪಿಎಲ್ ಎಂಬ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಲಾಯಿತು. ಈ ಪರವಾನಗಿಯ ಪ್ರಕಾರ ತಂತ್ರಾಂಶವನ್ನು ಯಾರೂ ಬಳಸಬಹುದು, ಅದರ ಒಳಗನ್ನು ಅಭ್ಯಸಿಸಬಹುದು, ತಿದ್ದಬಹುದು, ಹಂಚಬಹುದು. ತಿದ್ದಿದ್ದನ್ನು ಹಂಚುವವರು ಇತರರಿಗೂ ಅದೇ ಸ್ವಾತಂತ್ರ್ಯವನ್ನು ಕೊಡಬೇಕು, ಅಷ್ಟೆ. ಹಲವು ದೇಶಗಳ ಪ್ರೋಗ್ರಾಮರ್‌ಗಳು ತಮ್ಮ ಬಿಡುವಿನ ವೇಳೆಯನ್ನು ಮ್ಯಾಂಬೊಗೆ ಧಾರೆಯೆರೆದರು. ದೋಷಗಳನ್ನು ತಿದ್ದುವವರು, ಅನುವಾದಿಸುವವರು, ಹೊಸಬರ ಪ್ರಶ್ನೆಗಳಿಗೆ ಉತ್ತರಿಸುವವರು ಹೀಗೆ ದೊಡ್ಡದೊಂದು ಸಮುದಾಯವೇ ಬೆಳೆಯಿತು. ಆದರೆ ಮ್ಯಾಂಬೊ ಎಂಬ ಹೆಸರು ಮಾತ್ರ ಕಂಪೆನಿಯ ಕೈಯಲ್ಲೇ ಉಳಿದಿತ್ತು.

ಬಿಕ್ಕಟ್ಟು ತಲೆದೋರಿದ್ದು 2005ರಲ್ಲಿ. ಯೋಜನೆಯ ಆಡಳಿತಕ್ಕಾಗಿ 'ಮ್ಯಾಂಬೊ ಫೌಂಡೇಶನ್' ಸ್ಥಾಪನೆಯಾಯಿತು. ಅದರ ರಚನೆಯಲ್ಲಿ ತಮ್ಮನ್ನು ಕೇಳಲೇ ಇಲ್ಲ, ಮುಕ್ತ ತಂತ್ರಾಂಶದ ಮೌಲ್ಯಗಳಿಗೆ ಅದು ಹೊಂದುವುದಿಲ್ಲ ಎಂಬುದು ಪ್ರೋಗ್ರಾಮರ್‌ಗಳ ಆಕ್ಷೇಪವಾಗಿತ್ತು. ಕಂಪೆನಿಗೂ ಅದರದೇ ಆದ ವಾದವಿತ್ತು. ಮೊದಲು ಬೀಜ ಬಿತ್ತಿದ್ದು, ಹಣ ಹೂಡಿದ್ದು ತಾನಲ್ಲವೇ? ಎರಡೂ ಕಡೆಯ ಮಾತಿನಲ್ಲಿ ಸತ್ಯಾಂಶವಿಲ್ಲದಿರಲಿಲ್ಲ. ಕೊನೆಗೆ ಅದೇ ವರ್ಷದ ಆಗಸ್ಟ್‌ನಲ್ಲಿ ಆಂಡ್ರ್ಯೂ ಎಡ್ಡಿಯವರ ನೇತೃತ್ವದ ಪ್ರಧಾನ ತಂಡ ಬಹಿರಂಗ ಪತ್ರ ಬರೆದು ಹೊರನಡೆಯಿತು.

ಸಾಮಾನ್ಯ ಕಂಪೆನಿಯಾಗಿದ್ದರೆ ಅವರು ಬರಿಗೈಯಲ್ಲಿ ಹೋಗಬೇಕಿತ್ತು. ಇಲ್ಲಿ ಹಾಗಾಗಲಿಲ್ಲ. ಹೆಸರನ್ನು ಬಿಟ್ಟುಕೊಟ್ಟರೂ ದುಡಿಮೆಯ ಫಲವನ್ನು ಕೊಂಡೊಯ್ಯಲು ಜಿಪಿಎಲ್ ಅವಕಾಶ ನೀಡಿತು. ಅವರು 'ಓಪನ್ ಸೋರ್ಸ್ ಮ್ಯಾಟರ್ಸ್' ಎಂಬ ಲಾಭರಹಿತ ಸಂಸ್ಥೆಯನ್ನು ಕಟ್ಟಿದರು. ಸೆಪ್ಟೆಂಬರ್ 2005ರಲ್ಲಿ ಅದೇ ತಂತ್ರಾಂಶ ಕೆಲವು ತಿದ್ದುಪಡಿಗಳೊಂದಿಗೆ ಜೂಮ್ಲಾ 1.0 ಎಂಬ ಹೊಸ ಹೆಸರಿನಲ್ಲಿ ಹೊರಬಂತು.

ಈ ಹೆಸರು ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯ 'ಜುಮ್ಲಾ' ಎಂಬ ಪದದಿಂದ ಬಂದದ್ದು. 'ಎಲ್ಲ ಒಟ್ಟಾಗಿ' ಎಂದು ಅದರ ಅರ್ಥ. ಸ್ವಾಹಿಲಿಗೆ ಇದು ಅರಬಿಯಿಂದ ಬಂತು. ಉರ್ದುವಿನಲ್ಲಿ 'ಒಟ್ಟು' ಎಂಬ ಅರ್ಥದಲ್ಲೂ 'ವಾಕ್ಯ' ಎಂಬ ಅರ್ಥದಲ್ಲೂ ಬಳಕೆಯಾಗುವ ಜುಮ್ಲಾ ಕೂಡ ಅದೇ ಬೇರಿನದು. ಒಡೆದು ಹೊರಬಂದವರು ಒಗ್ಗಟ್ಟನ್ನು ಸೂಚಿಸುವ ಹೆಸರನ್ನು ಆರಿಸಿಕೊಂಡದ್ದು ಅರ್ಥಪೂರ್ಣವಾಗಿತ್ತು.

ಮುಂದೆ ಸಮುದಾಯದ ಬಹುಭಾಗ ಜೂಮ್ಲಾದತ್ತ ಬಂತು. ಮ್ಯಾಂಬೊ ಕ್ರಮೇಣ ಸೊರಗಿ ನಿಂತುಹೋಯಿತು. 2008ರ ಜನವರಿಯಲ್ಲಿ ಬಂದ ಜೂಮ್ಲಾ 1.5 ಯುನಿಕೋಡನ್ನು ಪೂರ್ಣವಾಗಿ ಅಳವಡಿಸಿಕೊಂಡಿತು, ಬಲದಿಂದ ಎಡಕ್ಕೆ ಬರೆಯುವ ಲಿಪಿಗಳಿಗೂ ಜಾಗ ಮಾಡಿಕೊಟ್ಟಿತು. ಕನ್ನಡ, ಅರಬಿ, ಉರ್ದುವಿನಂತಹ ಭಾಷೆಗಳ ಜಾಲತಾಣ ಕಟ್ಟುವವರಿಗೆ ಇದು ಸಣ್ಣ ಸಂಗತಿಯೇನಲ್ಲ. ಆದರೆ ಹಳೆಯ ಆವೃತ್ತಿಯಿಂದ ಹೊಸದಕ್ಕೆ ಜಾಲತಾಣವನ್ನು ಸಾಗಿಸುವುದು ಸುಲಭವಿರಲಿಲ್ಲ. 1.5ಕ್ಕೆ ದೊರೆಯುತ್ತಿದ್ದ ಬೆಂಬಲವೂ 2012ರಲ್ಲಿ ನಿಂತಿತು. ಕಾಲಕಾಲಕ್ಕೆ ನವೀಕರಿಸದ ತಾಣಗಳು ಕನ್ನಗಳ್ಳರಿಗೆ ಸುಲಭದ ತುತ್ತಾಗುತ್ತವೆ. ಉಚಿತವಾಗಿ ಸಿಕ್ಕಿದ್ದಕ್ಕೂ ಆರೈಕೆ ಬೇಕು. ಇಂದು ಬಳಕೆಯಲ್ಲಿ 2003ರಲ್ಲಿ ಹುಟ್ಟಿದ ವರ್ಡ್‌ಪ್ರೆಸ್ ಬಹಳ ಮುಂದಿದೆ. ಅದು ಕೂಡ ಬಿ2 ಎಂಬ ಹಳೆಯ ಮುಕ್ತ ತಂತ್ರಾಂಶದ ಕವಲೇ ಆಗಿದೆ.

ಈ ಇತಿಹಾಸದಲ್ಲಿ ನಮಗೊಂದು ಪಾಠವಿದೆ. ಹತ್ತಾರು ಜನ ಸೇರಿ ಏನನ್ನಾದರೂ ಕಟ್ಟುವಾಗ ಎಲ್ಲರಲ್ಲೂ ಉತ್ಸಾಹ, ವಿಶ್ವಾಸ ಇರುತ್ತದೆ. ಒಡೆತನದ ಪ್ರಶ್ನೆ ಆಗ ಯಾರಿಗೂ ಹೊಳೆಯುವುದಿಲ್ಲ, ಹೊಳೆದರೂ ಕೇಳಲು ಸಂಕೋಚ. ಮ್ಯಾಂಬೊದ ಪ್ರೋಗ್ರಾಮರ್‌ಗಳ ದುಡಿಮೆಯನ್ನು ಉಳಿಸಿದ್ದು ಪರಸ್ಪರ ವಿಶ್ವಾಸವಲ್ಲ, 2001ರಲ್ಲೇ ಬರೆದಿಟ್ಟ ಒಂದು ಕರಾರು. ಊರಿನ ವಾಚನಾಲಯವಾಗಲಿ, ಸಂಘದ ಜಾಲತಾಣವಾಗಲಿ, ಹೆಸರು ಯಾರದು, ಕೀಲಿಕೈ ಯಾರ ಬಳಿ, ನಿರ್ಧಾರ ಯಾರದು ಎಂಬುದನ್ನು ಮನಸ್ಸು ತಿಳಿಯಾಗಿರುವಾಗಲೇ ಬರೆದಿಡುವುದು ಒಳ್ಳೆಯದು. ಮನಸ್ಸು ಮುರಿದ ಮೇಲೆ ಬರೆಯಲು ಕೂತರೆ ಯಾರೂ ಸಹಿ ಹಾಕುವುದಿಲ್ಲ.