ಅಂಗೈ ಮೇಲೊಂದು ಮಿಗ್-21: ಜೆಟ್ ವಿಮಾನದ ಮಾದರಿ ಕಟ್ಟುವ ಕಲೆ

ಭಾರತೀಯ ವಾಯುಪಡೆಯನ್ನು 1963ರಲ್ಲಿ ಸೇರಿದ ಮಿಗ್-21 ಯುದ್ಧವಿಮಾನವು 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಸೇವೆಯಿಂದ ನಿವೃತ್ತಿ ಹೊಂದಿತು. ಭಾರತದ ಆಗಸದಿಂದ ಇಳಿದ ಈ ವಿಮಾನ ಈಗ ಉಳಿದಿರುವುದು ವಸ್ತುಸಂಗ್ರಹಾಲಯಗಳ ಅಂಗಳದಲ್ಲಿ, ಛಾಯಾಚಿತ್ರಗಳಲ್ಲಿ ಹಾಗೂ ಪ್ಲಾಸ್ಟಿಕ್ ಬಿಡಿಭಾಗಗಳನ್ನು ಜೋಡಿಸಿ ಅದನ್ನು ಮರುಸೃಷ್ಟಿಸುವ ಹವ್ಯಾಸಿಗಳ ಕಪಾಟುಗಳಲ್ಲಿ.

ಪ್ರಮಾಣಬದ್ಧ ಮಾದರಿ ಎಂದರೆ ಆಟಿಕೆಯಲ್ಲ. ಮೂಲ ವಿಮಾನದ ಪ್ರತಿಯೊಂದು ಅಳತೆಯನ್ನೂ ಒಂದೇ ಅನುಪಾತದಲ್ಲಿ ಕುಗ್ಗಿಸಿದ ಪ್ರತಿರೂಪವದು. 1:72 ಎಂಬ ಜನಪ್ರಿಯ ಪ್ರಮಾಣದಲ್ಲಿ ಆರು ಅಡಿ ಎತ್ತರದ ಪೈಲಟ್ ಒಂದಂಗುಲಕ್ಕೆ ಇಳಿಯುತ್ತಾನೆ. ಬ್ರಿಟನ್ನಿನ ಏರ್‌ಫಿಕ್ಸ್ ಸಂಸ್ಥೆ 1953ರಲ್ಲಿ ಹೊರತಂದ ಸ್ಪಿಟ್‌ಫೈರ್ ಕಿಟ್ ಇದೇ ಪ್ರಮಾಣದ್ದಾಗಿತ್ತು. 7.15 ಮೀಟರ್ ರೆಕ್ಕೆಯಗಲದ ಮಿಗ್-21, 1:72ರಲ್ಲಿ ಸುಮಾರು 10 ಸೆಂ.ಮೀ., 1:48ರಲ್ಲಿ ಸುಮಾರು 15 ಸೆಂ.ಮೀ. ಆಗುತ್ತದೆ. ಝೆಕ್ ದೇಶದ ಎಡುವಾರ್ಡ್ ಸಂಸ್ಥೆ 2011ರಿಂದ 1:48ರಲ್ಲಿ ಹೊರತಂದ ಮಿಗ್-21 ಕಿಟ್‌ಗಳು ಸೂಕ್ಷ್ಮ ವಿವರಗಳಿಗೆ ಹೆಸರಾಗಿವೆ.

ಮಿಗ್-21ರಲ್ಲಿ ಯಾವುದು?

ಅಂಟು ಮುಟ್ಟುವ ಮುನ್ನ ತೀರ್ಮಾನಿಸಬೇಕಾದ ಸಂಗತಿಯಿದು. ಎಚ್‌ಎಎಲ್ ತನ್ನ ನಾಸಿಕ್ ಘಟಕದಲ್ಲಿ ಎಫ್‌ಎಲ್, ಎಂ ಹಾಗೂ ಬಿಸ್ ಎಂಬ ಮೂರು ಆವೃತ್ತಿಗಳನ್ನು ತಯಾರಿಸಿತು. ಎಫ್‌ಎಲ್‌ನ ಬೆನ್ನು ತೆಳುವಾದುದು, ನಂತರದವುಗಳದ್ದು ದಪ್ಪ. ಎಫ್‌ಎಲ್‌ಗೆ ಒಡಲೊಳಗಿನ ಫಿರಂಗಿಯಿಲ್ಲ, ಎಂ ಮತ್ತು ಬಿಸ್‌ಗೆ ಹೊಟ್ಟೆಯಡಿ ಜೋಡಿನಳಿಗೆಯ ಫಿರಂಗಿಯಿದೆ. ಕೊನೆಯವರೆಗೂ ಹಾರಿದ ಬೈಸನ್, ಆಧುನೀಕರಿಸಿದ ಬಿಸ್. ಅದರ ಮುಂಗಾಜು ಚೌಕಟ್ಟುಗಳಿಲ್ಲದ ಒಂದೇ ತುಂಡು. ಬಿಸ್ ಕಿಟ್‌ಗೆ ಬೂದು ಬಣ್ಣ ಬಳಿದ ಮಾತ್ರಕ್ಕೆ ಅದು ಬೈಸನ್ ಆಗದು. ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿರುವ ಮಿಗ್-21ನ್ನು ಸುತ್ತುವರಿದು ಚಿತ್ರ ತೆಗೆದುಕೊಳ್ಳುವುದು ಉಪಯುಕ್ತ. ಆದರೆ ಪ್ರದರ್ಶನಕ್ಕಿಟ್ಟ ವಿಮಾನಗಳಿಗೆ ಮತ್ತೆ ಮತ್ತೆ ಬಣ್ಣ ಬಳಿಯುವುದುಂಟು. ಆದ್ದರಿಂದ ಆಕಾರಕ್ಕೆ ಅವನ್ನು ನಂಬಬಹುದು. ಬಣ್ಣಕ್ಕೆ ಸೇವಾವಧಿಯ ಛಾಯಾಚಿತ್ರಗಳೇ ಆಧಾರ.

ಭಾಗಗಳು ಸ್ಪ್ರೂ ಎಂಬ ಚೌಕಟ್ಟಿಗೆ ಅಂಟಿಕೊಂಡು ಬರುತ್ತವೆ. ಅಚ್ಚಿನ ಎಣ್ಣೆಯಂಶ ಹೋಗುವಂತೆ ಸೋಪಿನ ನೀರಿನಲ್ಲಿ ತೊಳೆಯಬೇಕು. ಭಾಗಗಳನ್ನು ಮುರಿದು ಕೀಳದೆ ಕಟ್ಟರಿನಿಂದ ಕತ್ತರಿಸಿ, ಅಂಟಿಲ್ಲದೆ ಒಮ್ಮೆ ಜೋಡಿಸಿ ನೋಡಬೇಕು. ಮಾದರಿಕಾರರು ಬಳಸುವ ದ್ರವರೂಪದ ಅಂಟು ವಾಸ್ತವವಾಗಿ ಅಂಟೇ ಅಲ್ಲ; ಅದೊಂದು ದ್ರಾವಕ. ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನ ಮೇಲ್ಮೈಯನ್ನು ಕರಗಿಸಿ ಎರಡು ಭಾಗಗಳನ್ನು ಬೆಸುಗೆಯಂತೆ ಒಂದಾಗಿಸುತ್ತದೆ. ಕರಗಿದ ಪ್ಲಾಸ್ಟಿಕ್ ಗಟ್ಟಿಯಾಗಲು ಕನಿಷ್ಠ ಒಂದು ದಿನ ಬೇಕು. ಅವಸರದಲ್ಲಿ ಉಜ್ಜಿದರೆ ಬೆಸುಗೆ ಕೆಲ ದಿನಗಳ ಬಳಿಕ ಕುಗ್ಗಿ ಗೆರೆ ಮತ್ತೆ ಮೂಡುತ್ತದೆ.

ಒಡಲಿನ ಎರಡು ಹೋಳುಗಳನ್ನು ಮುಚ್ಚುವ ಮೊದಲೇ ಮೂತಿಯ ಶಂಕುವಿನೊಳಗೆ ಸೀಸದ ತೂಕ ಇಡುವುದನ್ನು ಮರೆಯುವಂತಿಲ್ಲ. ಮೂರು ಗಾಲಿಗಳ ಜೆಟ್‌ಗಳ ಮಾದರಿಗಳಲ್ಲಿ ಹಿಂಭಾಗವೇ ಭಾರವಾಗಿ, ಬಾಲದ ಮೇಲೆ ಕುಳಿತುಬಿಡುವ ಅಪಾಯ ಸಾಮಾನ್ಯ. ಒಡಲು ಮುಚ್ಚಿದ ಮೇಲೆ ಇದಕ್ಕೆ ಮದ್ದಿಲ್ಲ. ಭಾಗಗಳನ್ನು ಟೇಪಿನಿಂದ ಕಟ್ಟಿ, ಮುಖ್ಯ ಗಾಲಿಗಳ ಜಾಗದಲ್ಲಿ ಬೆರಳಿಟ್ಟು ಎತ್ತಿ, ಮೂತಿ ಕೆಳಗೆ ಬಾಗುವುದೇ ಎಂದು ಪರೀಕ್ಷಿಸುವುದು ಅನುಭವಿಗಳ ರೂಢಿ.

ಬೆಳ್ಳಿ ಬಣ್ಣದ ಪರೀಕ್ಷೆ

ಹೊಸಬರು ಬಣ್ಣವು ದೋಷಗಳನ್ನು ಮರೆಮಾಚುತ್ತದೆ ಎಂದು ಭಾವಿಸುವುದುಂಟು. ವಾಸ್ತವ ಇದಕ್ಕೆ ತದ್ವಿರುದ್ಧ. ಅದರಲ್ಲೂ ಭಾರತದ ಎಫ್‌ಎಲ್‌ಗಳು ಆರಂಭದಲ್ಲಿ ಧರಿಸಿದ್ದ ಬರಿ ಲೋಹದ ಹೊಳಪು ಅತ್ಯಂತ ನಿಷ್ಠುರ ಪರೀಕ್ಷಕ. ಬೆರಳ ಗುರುತು, ಕೂದಲೆಳೆಯಷ್ಟು ಗೀರು, ತುಂಬದ ಬೆಸುಗೆ ಎಲ್ಲವೂ ಬೆಳಕಿಗೆ ಹಿಡಿದೊಡನೆ ಎದ್ದು ಕಾಣುತ್ತವೆ. ಹಾಗಾಗಿ ಬೆಸುಗೆಯ ಗೆರೆಯನ್ನು ಪುಟ್ಟಿಯಿಂದ ತುಂಬಿ, 400, 600, 1000 ಹೀಗೆ ನಯವಾಗುತ್ತ ಹೋಗುವ ಉಜ್ಜುಕಾಗದದಿಂದ ನೀರು ಹಾಕಿ ಉಜ್ಜಬೇಕು. ನಂತರ ತೆಳ್ಳನೆಯ ಪ್ರೈಮರ್ ಬಳಿದರೆ ಉಳಿದ ದೋಷಗಳು ಬಯಲಾಗುತ್ತವೆ. ಮತ್ತೆ ತುಂಬಿ ಮತ್ತೆ ಉಜ್ಜುವ ಈ ಸುತ್ತು ಎರಡು ಮೂರು ಬಾರಿ ನಡೆಯುವುದು ಸಹಜ. ಮಾದರಿಯ ಅಂದ ನಿರ್ಧಾರವಾಗುವುದು ಬಣ್ಣದ ಡಬ್ಬಿ ತೆರೆಯುವ ಮೊದಲೇ, ಈ ಬೇಸರದ ಹಂತದಲ್ಲಿ.

ಉಜ್ಜುವಾಗ ಅಳಿಸಿಹೋದ ಹಲಗೆ ಗೆರೆಗಳನ್ನು ಸೂಜಿಮೊನೆಯಿಂದ ಪುನಃ ಕೊರೆಯಬೇಕಾಗುತ್ತದೆ. ಇಲ್ಲಿ ಹಿತಮಿತ ಅಗತ್ಯ. 1:72ರಲ್ಲಿ 0.3 ಮಿ.ಮೀ. ಅಗಲದ ಗೆರೆ ನಿಜ ವಿಮಾನದಲ್ಲಿ ಎರಡು ಸೆಂ.ಮೀ.ಗೂ ಮೀರಿದ ಬಿರುಕಾದೀತು! ಅಂಥ ವಿಮಾನವನ್ನು ಯಾವ ಪೈಲಟ್ ಏರಿಯಾನು?

ಲೋಹದ ಹೊಳಪಿಗೆ ಮೊದಲು ಹೊಳೆಯುವ ಕಪ್ಪು ಬಣ್ಣ, ಅದು ಪೂರ್ತಿ ಒಣಗಿದ ಮೇಲೆ ಏರ್‌ಬ್ರಷ್‌ನಿಂದ ಅಲ್ಯೂಮಿನಿಯಂ ಬಣ್ಣದ ಅತಿ ತೆಳು ಪದರಗಳನ್ನು ಹಾಯಿಸುವುದು ಪ್ರಚಲಿತ ವಿಧಾನ. ಕೆಲವು ಹಲಗೆಗಳಿಗೆ ಛಾಯೆ ಬದಲಿಸಿದರೆ, ಅದರಲ್ಲೂ ಬಾಲದ ತುದಿಗೆ ಸುಟ್ಟ ಲೋಹದ ಬಣ್ಣ ಕೊಟ್ಟರೆ, ಏಕತಾನತೆ ಮುರಿಯುತ್ತದೆ. ಮಳೆಗಾಲದ ದಿನಗಳಲ್ಲಿ ಲ್ಯಾಕರ್ ಬಣ್ಣ ಬಳಿಯದಿರುವುದೇ ಲೇಸು. ಗಾಳಿಯ ತೇವ ಸಾಂದ್ರಗೊಂಡು ಮೇಲ್ಮೈ ಬೆಳ್ಳಗೆ ಮಸುಕಾಗುತ್ತದೆ. ದ್ರಾವಕದ ಆವಿ ಆರೋಗ್ಯಕ್ಕೆ ಹಾನಿಕರವಾದ ಕಾರಣ ತೆರೆದ ಕಿಟಕಿ ಮತ್ತು ಸೂಕ್ತ ಮುಖಗವಸು ಕಡ್ಡಾಯ. ಮೊದಲ ಮಾದರಿಗೆ ಬೆಳ್ಳಿಯ ಎಫ್‌ಎಲ್ ಬದಲು ಮರೆಬಣ್ಣದ ಬಿಸ್ ಆರಿಸಿಕೊಂಡರೆ ಅರ್ಧ ಶ್ರಮ ಉಳಿಯುತ್ತದೆ. ಎಫ್‌ಎಲ್ ಮೇಲಿನ ಮೋಹ ಬಿಡದವರಿಗೂ ದಾರಿಯಿದೆ: 1971ರ ಯುದ್ಧಕಾಲದಲ್ಲಿ ಕೆಲವು ಎಫ್‌ಎಲ್‌ಗಳ ಮೇಲೆ ಹಸಿರು ಬಣ್ಣ ಬಳಿಯಲಾಗಿತ್ತು. ಕೊಂಚ ಒರಟಾದ ಮೇಲ್ಮೈ ಅಲ್ಲಿ ಅಸಹಜವೆನಿಸದು.

ಕೇಸರಿ, ಬಿಳಿ, ಹಸಿರು ವೃತ್ತಗಳ ವಾಯುಪಡೆ ಲಾಂಛನ ಡಿಕಾಲ್ ರೂಪದಲ್ಲಿ ಬರುತ್ತದೆ. ಅದನ್ನು ನೀರಿನಲ್ಲಿ ಕೆಲ ಸೆಕೆಂಡು ನೆನೆಸಿ ಜಾರಿಸಿ ಕೂರಿಸಬೇಕು. ಒರಟು ಮೇಲ್ಮೈಯಾದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬಿಳಿಚಿಕೊಳ್ಳುವುದರಿಂದ ಮೊದಲು ಹೊಳಪಿನ ವಾರ್ನಿಷ್ ಬಳಿದಿರಬೇಕು. ಮರೆಬಣ್ಣದ ವಿಮಾನಕ್ಕೆ ಕೊನೆಯಲ್ಲಿ ಹೊಳಪಿಲ್ಲದ ವಾರ್ನಿಷ್ ಸಾಕು.

ಪಾರದರ್ಶಕ ಮೇಲ್ಗಾಜನ್ನು ಸೂಪರ್ ಗ್ಲೂನಿಂದ ಅಂಟಿಸಬಾರದು, ಅದರ ಆವಿಗೆ ಗಾಜು ಮಂಜುಗಟ್ಟುತ್ತದೆ. ಒಣಗಿದಾಗ ಪಾರದರ್ಶಕವಾಗುವ ಬಿಳಿ ಅಂಟು ಸಾಕಾಗುತ್ತದೆ. ಗಾಳಿಯ ವೇಗ ಅಳೆಯುವ, ಮೂತಿಯಿಂದ ಮುಂಚಾಚಿದ ಪಿಟೋ ನಳಿಗೆಯನ್ನು ಎಲ್ಲ ಕೆಲಸ ಮುಗಿದ ನಂತರವೇ ಜೋಡಿಸಬೇಕು. ಮಿಗ್-21ರ ಮಾದರಿಯಲ್ಲಿ ಮೊದಲು ಮುರಿಯುವ ಭಾಗ ಅದೇ. ಅನೇಕರು ಪ್ಲಾಸ್ಟಿಕ್ ನಳಿಗೆಯನ್ನು ಬದಿಗಿಟ್ಟು ಇಂಜೆಕ್ಷನ್ ಸೂಜಿಯ ತುಂಡನ್ನು ಬಳಸುತ್ತಾರೆ.